ಡಿಕ್ಕಿಗೆ ಹೊಸ ರಬ್ಬರು

ಫೆಬ್ರವರಿ 6

ಪ್ರೀತಿಯ ಗುಬ್ಬಿ,

ಹೇಗಿದ್ದೀಯಮ್ಮ? ಭಾವ ಹೇಗಿದ್ದಾರೆ? ನಾವಿಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಅದರಲ್ಲಿ ಎಷ್ಟು ನಿಜ ಎಂಬುದು ಮುಂದೆ ಓದಿದರೆ ನಿನಗೇ ತಿಳಿಯುತ್ತದೆ. ತಡವಾಗಿ ಬರೆಯುತ್ತಿದ್ದೇನೆಂದು ಮುನಿಸಿಕೊಳ್ಳಬೇಡ. ಕಂಡವರ ಮನೆಯ ನೀರಿನ ಮೀಟರ್‌ಗಳನ್ನೆಲ್ಲ ಓದಿ ಬರೆದುಕೊಂಡು ಬರುವವನಿಗೆ ಒಡಹುಟ್ಟಿದವಳಿಗೆ ಎರಡು ಸಾಲು ಬರೆಯಲು ಕೈ ಬರುವುದಿಲ್ಲ ಎಂದು ನಿನ್ನ ಅತ್ತಿಗೆ ದಿನಕ್ಕೊಮ್ಮೆ ಚುಚ್ಚುತ್ತಾಳೆ. ಫೋನ್ ಮಾಡಬಹುದಿತ್ತು. ಆದರೆ ಅಪ್ಪನ ವಿಷಯ ಎತ್ತಿದ ತಕ್ಷಣ ನೀನು "ಆಮೇಲೆ ಮಾತಾಡೋಣ ಅಣ್ಣ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ಅರ್ಧಕ್ಕೇ ಬಿಟ್ಟರೂ ಮೇಜಿನ ಮೇಲೆ ಬಿದ್ದಿರುತ್ತದೆ, ಇನ್ನೊಂದು ದಿನ ಕಣ್ಣಿಗೆ ಬೀಳುತ್ತದೆ.

ವಿಷಯ ಅಪ್ಪನದೇ. ಹೋದ ವಾರ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ನೋಟದ ನಡುಭಾಗ ಮಸುಕಾಗುತ್ತಾ ಹೋಗುತ್ತಿದೆಯಂತೆ, ಅಂಚು ಮಾತ್ರ ಉಳಿಯುತ್ತದಂತೆ. ಗೋಡೆ ಹಿಡಿದು ಓಡಾಡಬಹುದು, ಊಟ ಮಾಡಬಹುದು, ಆದರೆ ಇನ್ನು ಎರಡು ಮೂರು ತಿಂಗಳಲ್ಲಿ ಎದುರಿಗೆ ನಿಂತವರ ಮುಖ ತಿಳಿಯುವುದಿಲ್ಲ. ಇದಕ್ಕೆ ಮದ್ದಿಲ್ಲ ಎಂದರು. ಅಪ್ಪ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ಏಪ್ರಿಲ್‌ವರೆಗೂ ಮುಖ ಕಾಣುತ್ತಾ?" ಎಂದು ಕೇಳಿದರು. "ಯಾರ ಮುಖ ಯಜಮಾನ್ರೇ?" ಎಂದು ಡಾಕ್ಟರು ತಮಾಷೆ ಮಾಡಿದರು. ನಾನು ಕಿಟಕಿಯ ಆಚೆ ನೋಡಿದೆ.

ಮನೆಗೆ ಬಂದವರು ಚಪ್ಪಲಿ ಕೂಡ ಬಿಡದೆ ನೇರ ಹಿತ್ತಲಿಗೆ ನಡೆದು, "ಶೆಡ್ ತೆಗಿ" ಎಂದರು. ಅಪ್ಪನ ಗ್ಯಾರೇಜು ಮುಚ್ಚಿ ಹನ್ನೆರಡು ವರ್ಷವಾಯಿತಲ್ಲ, ಉಳಿದಿರುವುದು ನಮ್ಮದೇ ಹಳೆಯ ಕಾರು ಒಂದೇ. ಮೂರು ಸಲ ಕೆಮ್ಮಿ, ನಾಲ್ಕು ಮಾತು ಗೊಣಗದೆ ಜಾಗ ಬಿಟ್ಟು ಕದಲುವುದಿಲ್ಲವೆಂದು ಅಮ್ಮ ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟಿದ್ದು ನೆನಪಿದೆಯಾ? ಅಮ್ಮನ ನಿಜವಾದ ಅತ್ತೆ ಅದನ್ನು ಕೇಳಿಯೂ ಕೇಳದವರ ಹಾಗೆ ಮಣೆಯ ಮೇಲೆ ಕೂತಿರುತ್ತಿದ್ದರು. ಬಣ್ಣ ಇನ್ನೂ ಮೇಲುಮೇಲೆ ಚೆನ್ನಾಗಿಯೇ ಇದೆ. ಎಡವಟ್ಟಾಗಿರುವುದು ಹಿಂದೆ, ಡಿಕ್ಕಿಯಲ್ಲಿ. ಸುತ್ತಲಿನ ರಬ್ಬರು ಒಣಗಿ ಚೂರುಚೂರಾಗಿದೆ. ಶೆಡ್ಡಿನ ಮಾಡಿನಿಂದ ತೊಟ್ಟಿಕ್ಕಿದ ನೀರು ವರ್ಷಗಟ್ಟಲೆ ಒಳಗಿಳಿದು, ಕೆಳಗಿನ ಹಾಸಿನ ಅಡಿಯಲ್ಲಿ ನಿಂತು, ಸ್ಟೆಪ್ನಿ ಇಡುವ ಗುಂಡಿಯನ್ನು ತುಕ್ಕು ತಿಂದುಹಾಕಿದೆ. ನಾನು ಬೆರಳಿಟ್ಟೆ, ಬೆರಳು ಆಚೆ ಬಂತು.

ಗುಜರಿಗೆ ಹಾಕೋಣವೆಂದೆ. ಅಪ್ಪ ನನ್ನ ಮಾತನ್ನು ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. "ಅವಳು ಬರೋಷ್ಟರಲ್ಲಿ ಇದು ನೆಟ್ಟಗಾಗ್ಬೇಕು" ಎಂದರು. ನೀನು ಬರುತ್ತೀಯ ಎಂದು ಅವರಿಗೆ ಯಾರು ಹೇಳಿದರೋ ನನಗೆ ಗೊತ್ತಿಲ್ಲ.

ಡಿಕ್ಕಿ ಎಂದ ಕೂಡಲೇ ನಿನ್ನ ಮುಖ ಹೇಗಾಗಿರುತ್ತದೆಂದು ಬಲ್ಲೆ. ಆಗ ನಿನಗೆ ಎಂಟು, ನನಗೆ ಹದಿಮೂರು. ಯಾವ ಕಾರಿಗೆ ಹೊಸ ರಬ್ಬರು ಕೂರಿಸಿದರೂ ಅಪ್ಪ ನಿನ್ನ ಕೈಗೆ ಟಾರ್ಚು, ಸೀಮೆಸುಣ್ಣ ಕೊಟ್ಟು ಡಿಕ್ಕಿಯೊಳಗೆ ಮಲಗಿಸಿ, ಮುಚ್ಚಳ ಹಾಕಿ, ಮೇಲಿನಿಂದ ಪೈಪಿನಲ್ಲಿ ನೀರು ಬಿಡುತ್ತಿದ್ದರು. ನೀರು ಎಲ್ಲಿ ಇಳಿಯಿತೋ ಅಲ್ಲಿ ನೀನು ಗುರುತು ಹಾಕಬೇಕು. ಎರಡು ಸಲ ತಟ್ಟಿದರೆ ಮುಚ್ಚಳ ತೆಗೆಯಬೇಕು. ಎಷ್ಟು ಕಾರುಗಳಿಗೆ ಹಾಗೆ ಮಾಡಿದೆವೋ, ನಿನಗದು ಆಟವಾಗಿತ್ತು. ಅತ್ತೆಮ್ಮನ ಸರದಿ ಬಂದ ದಿನ ಮಾತ್ರ ನೀನು ತಟ್ಟಿದರೂ ಮುಚ್ಚಳ ತೆರೆಯಲಿಲ್ಲ. ಅಪ್ಪ ಪಕ್ಕದ ಲೇಥ್ ಅಂಗಡಿಗೆ ಹೋದವರು ಮಾತಿಗೆ ನಿಂತು ಮರೆತರು ಎಂದೇ ಮನೆಯಲ್ಲಿ ಎಲ್ಲರೂ ಹೇಳಿಕೊಂಡು ಬಂದದ್ದು. ಅಮ್ಮ ಆರು ತಿಂಗಳು ಅವರ ಜೊತೆ ನೆಟ್ಟಗೆ ಮಾತಾಡಲಿಲ್ಲ. ನೀನಂತೂ ಆಮೇಲೆ ಅವರನ್ನು ಅಪ್ಪಾ ಎಂದು ಬಾಯ್ತುಂಬ ಕರೆದದ್ದು ನನಗೆ ನೆನಪಿಲ್ಲ.

ದೊಡ್ಡವಳಾಗಿ ಜಮೀನು ಅಳೆಯುವ ಕೆಲಸ ಹಿಡಿದೆ, ಬಯಲಿನಲ್ಲೇ ಇರಬಹುದೆಂದು. ಲಿಫ್ಟ್ ಬೇಡವೆಂದು ಆರು ಮಹಡಿ ಹತ್ತುತ್ತೀಯ, ಬಚ್ಚಲಿಗೂ ಚಿಲಕ ಹಾಕುವುದಿಲ್ಲವೆಂದು ಭಾವ ಒಮ್ಮೆ ನಗುನಗುತ್ತಾ ಹೇಳಿದ್ದರು. ನನಗೆ ನಗು ಬರಲಿಲ್ಲ. ಅಮ್ಮ ಹೋದಾಗ ಬಂದವಳು ಅಂಗಳದಲ್ಲೇ ನಿಂತಿದ್ದು ಹಾಗೆಯೇ ಹೊರಟೆ.

ಒಂದು ಸಲ ಬಾ ಗುಬ್ಬಿ. ಏಪ್ರಿಲ್‌ಗೆ ಮೊದಲು ಬಾ. ಮಾತಾಡದಿದ್ದರೂ ಪರವಾಗಿಲ್ಲ, ಎದುರಿಗೆ ಐದು ನಿಮಿಷ ಕೂತು ಹೋಗು.

ನಿನ್ನ ಅಣ್ಣ

~

ಫೆಬ್ರವರಿ 25

ಪ್ರೀತಿಯ ಗುಬ್ಬಿ,

ನಿನ್ನ ಕಾರ್ಡು ಬಂತು. ಇಷ್ಟು ಬೇಗ ಬರುತ್ತದೆಂದು ಎಣಿಸಿರಲಿಲ್ಲ. ಅದಕ್ಕೆ ಉತ್ತರಿಸಲು ಒಂದು ವಾರ ಮೀನಮೇಷ ಎಣಿಸಿದೆ, ಕ್ಷಮಿಸು. ಮೊದಲು ಕಾರಿನ ವಿಷಯ ಹೇಳಿಬಿಡುತ್ತೇನೆ.

ಹದಿನೈದು ದಿನ ರಜೆ ಹಾಕಿದ್ದೇನೆ. ಕಣ್ಣು ಅವರದಲ್ಲ, ಕೆಲಸ ನನ್ನದಲ್ಲ. ಇಬ್ಬರೂ ಸೇರಿ ಒಬ್ಬ ಅರ್ಧಂಬರ್ಧ ಕೆಲಸಗಾರನಾಗಿದ್ದೇವೆ. ಅಪ್ಪ ಬೆರಳಿನ ಗೆಣ್ಣಿನಿಂದ ತಗಡನ್ನು ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ಒಳಗೆ ತುಕ್ಕು ಹಿಡಿದಲ್ಲಿ ಸದ್ದು ಕುಸಿಯುತ್ತದೆ. ಅಲ್ಲಿ ನಿಲ್ಲಿಸಿ, "ಇಲ್ಲಿ ಗೆರೆ ಎಳಿ" ಎನ್ನುತ್ತಾರೆ. ನನ್ನ ಕಣ್ಣಿಗೆ ಅಲ್ಲಿ ಬಣ್ಣ ಹೊಳೆಯುತ್ತಲೇ ಇರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿದರೆ ಬಣ್ಣದ ಕೆಳಗೆ ಕಂದು ಪುಡಿ. ಒಂದು ಸಲವೂ ಅವರ ಕೈ ತಪ್ಪಲಿಲ್ಲ. ಕೊಯ್ಯುವಾಗ ನಾನು ತುಕ್ಕಿನ ಅಂಚಿಗೇ ಕತ್ತರಿ ಹಾಕಿದೆ, ಇರುವ ತಗಡನ್ನು ಉಳಿಸೋಣವೆಂದು. "ಜಿಪುಣ, ಎರಡು ಬೆರಳು ಆಚೆ ಕೊಯ್ಯೋ. ಒಂದು ಚೂರು ಬಿಟ್ರೂ ಹೊಸ ತಗಡನ್ನೂ ಅದು ತಿನ್ನುತ್ತೆ" ಎಂದು ಬೈದರು. ಬೈಸಿಕೊಂಡು ಎಷ್ಟು ವರ್ಷವಾಗಿತ್ತೋ, ಒಂಥರಾ ಹಿತವಾಯಿತು.

ಹೊಸ ತಗಡಿನ ತೇಪೆಯನ್ನು ಬೆಸೆಯಲು ವೆಲ್ಡಿಂಗ್‌ನವನನ್ನು ಕರೆಸಿದೆವು. ಒಂದು ಕಾಲದಲ್ಲಿ ಅಪ್ಪನ ಕೈಕೆಳಗೇ ಕಲಿತವನು, ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ. ಅವನು ಬೆಸೆಯುತ್ತಿದ್ದಷ್ಟು ಹೊತ್ತೂ ಅಪ್ಪ ಮುಖ ತಿರುಗಿಸಿ ನಿಂತು ಸದ್ದನ್ನೇ ಕೇಳಿಸಿಕೊಳ್ಳುತ್ತಾ, "ನಿಧಾನ, ಸುಡ್ತಿದೀಯ" ಎನ್ನುತ್ತಿದ್ದರು. ಅವನು ಕನ್ನಡಕ ಮೇಲೆತ್ತಿ ನನ್ನ ಕಡೆ ನೋಡಿ ನಾಲಿಗೆ ಕಚ್ಚಿಕೊಂಡ. ಅದರ ಮೇಲೆ ಪುಟ್ಟಿ, ಉಜ್ಜಾಟ, ತುಕ್ಕು ತಡೆಯುವ ಕೆಂಪು ಪ್ರೈಮರ್ ಎರಡು ಕೋಟು. ನಿನ್ನ ಅತ್ತಿಗೆ ಬಂದು ನೋಡಿ, "ಅಡುಗೆಮನೆ ಗೋಡೆಗೆ ಬಣ್ಣ ಹೊಡೀರಿ ಅಂತ ಮೂರು ವರ್ಷದಿಂದ ಹೇಳ್ತಿದೀನಿ" ಎಂದು ಹೊರಟುಹೋದಳು.

ರಬ್ಬರಿನ ವಿಷಯದಲ್ಲಿ ನನ್ನ ಮಾನ ಹೋಯಿತು. ಅಪ್ಪ ಸ್ನಾನಕ್ಕೆ ಹೋಗಿದ್ದಾಗ ನಾನೇ ಕೂರಿಸಿಬಿಡೋಣ ಎಂದು ಹೊರಟೆ. ಹಳೆಯ ಅಂಟನ್ನೆಲ್ಲ ಪೆಟ್ರೋಲ್ ಹಾಕಿ ಒರೆಸಿ, ಹೊಸ ರಬ್ಬರನ್ನು ಒಂದು ಸುಕ್ಕೂ ಬಾರದ ಹಾಗೆ ಬಿಗಿಯಾಗಿ ಎಳೆದು ಸುತ್ತಲೂ ಅಂಟಿಸಿ, ಮಿಕ್ಕಿದ ತುದಿಯನ್ನು ಕತ್ತರಿಸಿ ಎಸೆದೆ. ನೋಡಲು ಎಷ್ಟು ಚೆಂದವಿತ್ತು ಅಂತೀಯ. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಎರಡು ತುದಿಗಳೂ ಬಿಟ್ಟುಕೊಂಡು ನಡುವೆ ನಾಲ್ಕು ಬೆರಳು ಖಾಲಿ. ಅಪ್ಪ ಆ ಜಾಗಕ್ಕೆ ಕೈ ಆಡಿಸಿದರು. "ಎಳೆದಿದೀಯ. ರಬ್ಬರನ್ನ ಎಳೀಬಾರ್ದು, ಒಂದು ಬೆರಳು ಹೆಚ್ಚೇ ಬಿಟ್ಟು ಒತ್ತಿ ಕೂರಿಸ್ಬೇಕು. ಎಳೆದದ್ದು ಬೆಳಗಾಗೋದ್ರೊಳಗೆ ತನ್ನ ಅಳತೆಗೆ ತಾನು ವಾಪಸ್ ಹೋಗುತ್ತೆ" ಎಂದರು. ಮತ್ತೊಂದು ರಬ್ಬರು ತರಲು ಊರ ಆ ತುದಿಗೆ ಹೋಗಬೇಕಾಯಿತು. ಅಂಗಡಿಯವನು, "ಮೊನ್ನೆ ತಾನೇ ತಗೊಂಡ್ರಲ್ಲ ಸಾರ್?" ಎಂದ. ಇಲಿ ತಿಂತು ಎಂದೆ.

ಈಗ ನಿನ್ನ ಕಾರ್ಡು. ಅಪ್ಪನಿಗೆ ಓದಲು ಆಗುವುದಿಲ್ಲವಲ್ಲ, ಊಟವಾದ ಮೇಲೆ ನಾನೇ ಗಟ್ಟಿಯಾಗಿ ಓದಿದೆ. "ಅವರ ಕಣ್ಣಿನ ವಿಷಯ ತಿಳಿದು ಬೇಜಾರಾಯಿತು. ನಾನು ಬರುತ್ತೇನೆ, ಆದರೆ ಒಂದೇ ಮಾತು. ಅಷ್ಟು ಹೊತ್ತು ಯಾಕೆ ತೆಗೆಯಲಿಲ್ಲ ಎಂದು ಅವರ ಬಾಯಿಂದ ನನಗೆ ನಿಜ ಬೇಕು. ಮರೆತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅವರು ನನ್ನನ್ನು ಮರೆಯುವವರಲ್ಲ." ಕೊನೆಯ ಸಾಲನ್ನು ಅವಸರದಲ್ಲಿ ಓದಿ ಮುಗಿಸಿದೆ.

ಅಪ್ಪ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದರು. "ಮರೆತೆ ಅಂತಲೇ ಬರಿ" ಎಂದರು. ನಿನ್ನ ಅತ್ತಿಗೆಗೆ ತಡೆಯಲಾಗಲಿಲ್ಲ. "ಮಾವ, ಅದನ್ನೇ ಅಲ್ವಾ ಮೂವತ್ತೊಂಬತ್ತು ವರ್ಷದಿಂದ ಹೇಳ್ತಿರೋದು. ಬೇರೆ ಏನಾದ್ರೂ ಇದ್ರೆ ಹೇಳಿಬಿಡಿ. ಮಗಳು ಬರ್ತೀನಿ ಅಂತಿದಾಳೆ, ಇನ್ನೇನು ಬೇಕು ನಿಮಗೆ?" ಎಂದಳು. ಅಪ್ಪ, "ಬೇರೆ ಏನೂ ಇಲ್ಲಮ್ಮ" ಎಂದು ಎದ್ದು ಗೋಡೆ ಹಿಡಿದುಕೊಂಡು ಕೋಣೆಗೆ ಹೋದರು. ನಾನು ಕಾರ್ಡನ್ನು ಮಡಿಚಿ ಜೇಬಿಗೆ ಹಾಕಿಕೊಂಡು ತಟ್ಟೆಗಳನ್ನು ಎತ್ತಿದೆ.

ಅವರು ಹೇಳಿದ ಹಾಗೆ ಬರೆದಿದ್ದೇನೆ. ಇದನ್ನು ಓದಿ ನೀನು ಬರುವುದಿಲ್ಲವೆಂದು ನನಗೆ ಗೊತ್ತು. ಆದರೂ ಬಾ ಎಂದೇ ಮುಗಿಸುತ್ತೇನೆ.

ನಿನ್ನ ಅಣ್ಣ

~

ಮಾರ್ಚ್ 14

ಪ್ರೀತಿಯ ಗುಬ್ಬಿ,

ನಿನ್ನಿಂದ ಉತ್ತರವಿಲ್ಲ. ಬರಬೇಕೆಂದು ಕಾಯುವ ಹಕ್ಕೂ ನನಗಿಲ್ಲ. ಅಪ್ಪ ಮಾತ್ರ ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮಾತು ನಿಲ್ಲಿಸುತ್ತಾರೆ. ಮೊನ್ನೆ ನಿನ್ನ ಅತ್ತಿಗೆಯನ್ನು ನಾನೆಂದು ತಿಳಿದು ನನ್ನ ಹೆಸರು ಹಿಡಿದು ಕರೆದರು. ಆಮೇಲೆ ಸೀರೆಯ ಸದ್ದಿಗೆ ಗೊತ್ತಾಗಿ, "ನಿನ್ನ ಗಂಡ ಈಚೆಗೆ ತೆಳ್ಳಗಾಗಿದಾನೆ ಅನ್ಕೊಂಡೆ" ಎಂದು ನಗಿಸಿದರು. ಡಾಕ್ಟರು ಹೇಳಿದ್ದಕ್ಕಿಂತ ಬೇಗ ಆಗುತ್ತಿದೆ.

ಕಾರು ಮುಗಿಯಿತು. ಮುಗಿಯಿತು ಎಂದು ಹೇಳಬೇಕಾದರೆ ನೀರಿನ ಪರೀಕ್ಷೆ ಆಗಬೇಕಲ್ಲ. ಈ ಸಲ ಒಳಗೆ ಹೋದವನು ನಾನು. "ನಿಮ್ಮ ಹೊಟ್ಟೆ ಹೊರಗೇ ಉಳಿಯುತ್ತೆ" ಎಂದಳು ನಿನ್ನ ಅತ್ತಿಗೆ. ಮಂಡಿಯನ್ನು ಗಲ್ಲಕ್ಕೆ ಒತ್ತಿಕೊಂಡು ಹೇಗೋ ಮುದುಡಿದೆ. ಹೊಸ ರಬ್ಬರು ದಪ್ಪ, ಮುಚ್ಚಳ ಕೆಳಗೆ ಕೂರುವುದೇ ಇಲ್ಲ. ಯಾರಾದರೂ ಮೇಲೆ ಹತ್ತಿ ಕೂತರೇ ಕೊಂಡಿ ಸಿಕ್ಕಿಕೊಳ್ಳುವುದು. ನಿನ್ನ ಅತ್ತಿಗೆ ಕೂತಳು, ಕಟಕ್ ಎಂದಿತು.

ಗುಬ್ಬಿ, ಅದು ಎಂಥ ಕತ್ತಲು ಎಂದು ನನಗೆ ಗೊತ್ತಿರಲಿಲ್ಲ. ಹೊಸ ರಬ್ಬರಿನ ವಾಸನೆ, ಪ್ರೈಮರಿನ ವಾಸನೆ, ನನ್ನದೇ ಉಸಿರಿನ ಬಿಸಿ. ಮೇಲೆ ನೀರು ಬಿದ್ದಾಗ ಬೇರೆ ಯಾವ ಸದ್ದೂ ಒಳಗೆ ಬರುವುದಿಲ್ಲ. ಟಾರ್ಚು ಹಿಡಿದು ಸುತ್ತಲೂ ನೋಡಿದೆ, ಒಂದು ಹನಿಯೂ ಇಳಿದಿರಲಿಲ್ಲ. ಖುಷಿಪಡಬೇಕಾದವನು ಟಾರ್ಚು ಕೆಡವಿದೆ. ಹೊರಗೆ ಇರುವವಳು ನನ್ನ ಹೆಂಡತಿ, ಪಕ್ಕದಲ್ಲಿ ನಿಂತಿರುವವರು ನನ್ನ ಅಪ್ಪ, ಹಾಡುಹಗಲು, ನನ್ನದೇ ಹಿತ್ತಲು. ಆದರೂ ತೆಗೆಯುತ್ತಾರೋ ಇಲ್ಲವೋ ಎನಿಸಿತು. ಒಂದು ಸಲ ತಟ್ಟಿದೆ. ಎರಡನೆಯದಕ್ಕೆ ಕೈ ಎತ್ತುವಷ್ಟರಲ್ಲಿ ಮುಚ್ಚಳ ಮೇಲೆ ಹೋಗಿತ್ತು. ಬೆಳಕಿನಲ್ಲಿ ಅಪ್ಪನ ಮುಖ. ಸೊಸೆಯನ್ನು ಅವಸರದಲ್ಲಿ ಕೆಳಗಿಳಿಸಿ ಅವರೇ ತೆಗೆದಿದ್ದರು. "ಎರಡು ಸಲ ಅಂದಿದ್ರಲ್ಲ ಮಾವ" ಎಂದು ಅವಳು ಕೇಳಿದ್ದಕ್ಕೆ, "ಒಂದೇ ಸಾಕು" ಎಂದರು.

ಆಮೇಲೆ ಇನ್ನೊಂದು ಕೆಲಸ ಹೇಳಿದರು. ಬೀಗದ ಕೊಂಡಿಗೆ ಒಂದು ತಂತಿ ಕಟ್ಟಿ, ಅದನ್ನು ಡಿಕ್ಕಿಯ ಒಳಗೆ ಎಳೆದು, ತುದಿಗೆ ಮರದ ಹಿಡಿ ಹಾಕಬೇಕು, ಹಿಡಿಗೆ ಬಿಳಿ ಬಣ್ಣ ಹಚ್ಚಬೇಕು. ನಾನು, "ಡಿಕ್ಕಿಗೆ ಒಳಗಿನಿಂದ ತೆಗೆಯೋ ವ್ಯವಸ್ಥೆ ಯಾರಾದ್ರೂ ಮಾಡ್ತಾರಾ ಅಪ್ಪ?" ಎಂದೆ. "ಒಳಗಿರೋರಿಗೆ ಬೇಕಾಗುತ್ತೆ" ಎಂದರು. ಮೂರು ಗಂಟೆ ಹಿಡಿಯಿತು. ಹಿಡಿಯನ್ನು ಅವರೇ ಉಜ್ಜಿ ನುಣುಪು ಮಾಡಿದರು, ಚಿಕ್ಕ ಕೈಗೂ ಸಿಗುವ ಅಳತೆಗೆ. ಹತ್ತಾರು ಸಲ ಎಳೆದು ನೋಡಿದರು, ಹತ್ತಾರು ಸಲವೂ ತೆರೆಯಿತು. "ಇದನ್ನ ಅವಳಿಗೆ ಬರೆದು ತಿಳಿಸು" ಎಂದರು. ತಿಳಿಸಿದ್ದೇನೆ.

ಬಿಸಿಲಿನಲ್ಲಿ ಅಲೆಯುವ ಕೆಲಸ ನಿನ್ನದು, ತಲೆಗೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬೇಡ. ಭಾವನವರ ಮಂಡಿನೋವು ವಾಸಿಯಾಗಲಿ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ, ನಿನ್ನ ಕಣ್ಣು ಕೊನೆಯವರೆಗೂ ಈಗಿನ ಹಾಗೆಯೇ ಚುರುಕಾಗಿರಲಿ ಎಂದು ಅಪ್ಪನ ಪರವಾಗಿಯೂ ನನ್ನ ಪರವಾಗಿಯೂ ಹರಸುತ್ತೇನೆ.

ನಿನ್ನ ಅಣ್ಣ

ಮತ್ತೆ: ಸಹಿ ಹಾಕಿ, ಲಕೋಟೆಯ ಮೇಲೆ ವಿಳಾಸವನ್ನೂ ಬರೆದೆ. ಅಂಟಿಸಲು ಆಗಲಿಲ್ಲ.

ಹೊಸ ರಬ್ಬರು ಹಾಕಿದ ಮುಚ್ಚಳದ ಮೇಲೆ ಯಾರಾದರೂ ಕೂರಬೇಕು ಎಂದೆನಲ್ಲ, ಆ ದಿನ ಕೂತಿದ್ದವನು ನಾನು. ನೀನು ಆಗಲೇ ಒಳಗಿದ್ದೆ. ಅಪ್ಪ ಬೀದಿಯಲ್ಲಿ ಆಡುತ್ತಿದ್ದ ನನ್ನನ್ನು ಕರೆದು ಮೇಲೆ ಕೂರಿಸಿದರು. ನೀರು ಬಿಡುವಾಗ ಪೈಪಿನ ಕ್ಲಿಪ್ಪು ಮುರಿಯಿತು, ಬೇರೆಯದು ತರಲು ಲೇಥ್ ಅಂಗಡಿಗೆ ಹೋದರು. "ಎರಡು ಸಲ ತಟ್ಟಿದ್ರೆ ತೆಗಿ" ಎಂದು ನನಗೆ ಹೇಳಿಯೇ ಹೋದರು. ಅವರು ಏನನ್ನೂ ಮರೆಯಲಿಲ್ಲ.

ನೀನು ತಟ್ಟಿದ್ದು ನನಗೆ ಕೇಳಿಸಿತು. ಪ್ರತಿಯೊಂದೂ ಕೇಳಿಸಿತು. ಅಪ್ಪನಿಗೆ ಯಾವಾಗಲೂ ನಿನ್ನ ಕಣ್ಣು, ನಿನ್ನ ಧೈರ್ಯ ಎಂದರೆ ಹೆಮ್ಮೆ, ನನ್ನ ತೂಕ ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಎಲ್ಲರೆದುರು ನಗುತ್ತಿದ್ದರು. ಹೊಟ್ಟೆಕಿಚ್ಚು ಎಂದರೆ ಅದೇ. ನೀನು ಒಂದು ಸಲ ಅತ್ತರೆ ತೆಗೆಯೋಣ ಎಂದು ಕಾದೆ. ನೀನು ಅಳಲಿಲ್ಲ, ತಟ್ಟುತ್ತಲೇ ಇದ್ದೆ. ಆಮೇಲೆ ಕೆರೆಯುವ ಸದ್ದು ಬಂತು, ಆಮೇಲೆ ಅದೂ ನಿಂತಿತು. ಆಗ ಮುಚ್ಚಳ ತೆಗೆದು ನೋಡಲು ನನಗೆ ಭಯವಾಯಿತು. ಅದಕ್ಕೇ ಕೂತೇ ಇದ್ದೆ. ಅಪ್ಪ ಬಂದು ನನ್ನ ಅಂಗಿ ಹಿಡಿದು ಕೆಳಗೆಳೆದರು. ನಾನು ಗೇಟು ದಾಟಿ ಓಡಿದೆ. ಕಣ್ಣು ಬಿಟ್ಟಾಗ ನಿನಗೆ ಕಂಡದ್ದು ಅವರ ಮುಖ ಒಂದೇ. ನಾನು ಶಾಲೆಯ ಬಯಲಿನಲ್ಲಿದ್ದೆ ಎಂದು ಅಮ್ಮನಿಗೆ ಹೇಳಿದವರೂ ಅವರೇ.

ನೆನ್ನೆ, ಹಿಡಿಗೆ ಬಣ್ಣ ಹಚ್ಚುತ್ತಿದ್ದಾಗ, ಮೊದಲ ಸಲ ಅವರನ್ನು ಕೇಳಿದೆ, ಯಾಕೆ ಹೇಳಲಿಲ್ಲ ಎಂದು. "ಅವಳು ನನ್ನ ಮೇಲೆ ಕೋಪ ಮಾಡ್ಕೊಂಡ್ರೆ ನಾನಿರೋವರೆಗೆ ತಾನೇ. ನಾನು ಹೋದ್ಮೇಲೂ ನೀವಿಬ್ರೂ ಒಬ್ರಿಗೊಬ್ರು ಬೇಕಲ್ಲಪ್ಪ" ಎಂದರು. ಈಗಲೂ ಬರೆಯಬೇಡ ಎಂದು ಕೈ ಹಿಡಿದುಕೊಂಡರು. ಅವರಿಗೆ ಹೇಳದೆ ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆಗೂ ಇಂದೇ ಹೇಳಿದ್ದು, ಬೆಳಗಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ.

ನೀನು ಬರುವ ದಿನ ಮೊದಲೇ ತಿಳಿಸು. ಅಪ್ಪನನ್ನು ಕರೆತಂದು ಬೆಳಕು ಚೆನ್ನಾಗಿರುವ ಕಡೆ, ಕಿಟಕಿಯ ಪಕ್ಕ ಕೂರಿಸಿರುತ್ತೇವೆ. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಅದನ್ನೂ ಬರಿ. ಆ ದಿನ ನಾನು ಮನೆಯಲ್ಲಿ ಇರುವುದಿಲ್ಲ.